ಗಿಡುಗವೆಂದರೆ ಯಾವ ಗಿಡುಗ?

(ಆತಗೂರಿನ ಸದಸ್ಯರೊಬ್ಬರಿಂದ)



ಬೋರ್ಡೋ ದ್ರಾವಣ, ಬಿಳಿ ಕಾಂಡಕೊರಕ, ಕೊಳೆರೋಗ, ಪೇಟೆಯ ಧಾರಣೆ ಇವುಗಳಿಗೇ ಪುಟ ಸಾಲದ ಈ ಪತ್ರಿಕೆಯಲ್ಲಿ ಹಕ್ಕಿಯ ಮಾತಿಗೆ ಎಡೆಯೆಲ್ಲಿ ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಮಲೆನಾಡಿನ ಸದಸ್ಯರ ನಡುವೆ ನಾನು ಬಯಲುಸೀಮೆಯವನು. ಮದ್ದೂರು ತಾಲ್ಲೂಕಿನ ಆತಗೂರಿನಲ್ಲಿ ಎರಡೂವರೆ ಎಕರೆ ತೆಂಗು, ಅದರ ನಡುವೆ ಈಚೆಗೆ ಹಾಕಿದ ಅಡಿಕೆ, ಇಷ್ಟೇ ನನ್ನ ಬದುಕು. ಹಕ್ಕಿಯ ಫೋಟೋ ತೆಗೆಯುವುದು ಮಗನಿಂದ ಅಂಟಿದ ಚಟ. ಅವನು ಹೊಸ ಕ್ಯಾಮರಾ ಕೊಂಡಾಗ ಹಳೆಯದನ್ನು ನನಗೆ ಬಿಟ್ಟ. ಆ ಚಟದಿಂದ ಒಂದು ತಪ್ಪು ನಡೆಯಿತು. ಅದನ್ನು ಮೊದಲು ಹೇಳಿಬಿಡುತ್ತೇನೆ, ಅಭಿಪ್ರಾಯ ಆಮೇಲೆ.

ನನ್ನ ಅಕ್ಕನನ್ನು ಕೊಪ್ಪದ ಕಡೆಗೆ ಕೊಟ್ಟಿದೆ. ನಾಲ್ಕು ಎಕರೆ ಕಾಫಿ, ಮನೆಯ ಕೆಳಗೆ ಅರ್ಧ ಎಕರೆ ಅಡಿಕೆ. ಎರಡು ವರ್ಷದ ಹಿಂದೆ ಹೂಮಳೆ ಬಿದ್ದ ಮೇಲೆ, ತೋಟವೆಲ್ಲ ಮಲ್ಲಿಗೆಯಂತೆ ಬಿಳುಪಾಗಿದ್ದ ದಿನಗಳಲ್ಲಿ ಹೋಗಿದ್ದೆ. ಅಕ್ಕ ಸಾಕಿದ್ದ ನಾಟಿಕೋಳಿಯ ಮರಿಗಳು ಒಂದೊಂದೇ ಕಾಣೆಯಾಗುತ್ತಿದ್ದವು. ಒಂದು ಬೆಳಿಗ್ಗೆ ದೊಡ್ಡದೊಂದು ಕಂದು ಹಕ್ಕಿ ಅಂಗಳದಿಂದಲೇ ಮರಿಯನ್ನು ಎತ್ತಿಕೊಂಡು ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಹಳ್ಳದ ಬದಿಯ ಮರದ ಮೇಲೆ ಕಡ್ಡಿಗಳ ದೊಡ್ಡ ಗೂಡೊಂದು ಇತ್ತು. ಅದರ ಪಕ್ಕದ ಕೊಂಬೆಯಲ್ಲಿ ಕೂತಿದ್ದ ಹಕ್ಕಿಯ ಫೋಟೋ ತೆಗೆದು ತಂದು ಅಕ್ಕನಿಗೆ ತೋರಿಸಿದೆ.

"ಒಸಿ ದೊಡ್ಡದು ಮಾಡ್ಲಾ ತಮ್ಮ. ಹೂಂ ಕಣೋ, ಜುಟ್ಟು ಅದೆ. ಇದೇಯ" ಎಂದಳು ಅಕ್ಕ.

ಭಾವನವರು ನನ್ನ ಕಡೆ ನೋಡಿದರು. "ಅದೇ ಏನಾ ಮಾರಾಯ? ಸರಿಯಾಗಿ ನೋಡಿ ಹೇಳು."

"ಅದೇ ಭಾವ, ಸಂಶಯವೇ ಬೇಡ" ಎಂದುಬಿಟ್ಟೆ. ಕ್ಯಾಮರಾ ಕೊರಳಲ್ಲಿದ್ದವನ ಮಾತಿಗೆ ಒಂದು ತೂಕ ಇರುತ್ತದೆ ನೋಡಿ.

ಮರುದಿನ ಮರಗಸಿಯವರು ಬಂದರು. ಹೇಗೂ ನೆರಳು ಕಡಿಯುವ ಕೆಲಸ. ಗೂಡಿದ್ದ ಕೊಂಬೆಯನ್ನೂ ಸೇರಿಸಿ ಇಳಿಸಲು ಭಾವ ಹೇಳಿದರು. ಅವರಲ್ಲಿ ವಯಸ್ಸಾದ ಒಬ್ಬರು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮರದ ಬುಡದಲ್ಲೇ ನಿಂತರು. "ಇದು ಹಾವು ತಿಂಬ ಹಕ್ಕಿ ಅಯ್ಯಾ. ಕೂಗು ಕೇಳಿದ್ರೆ ಗೊತ್ತಾಗ್ತದೆ. ಕೋಳಿಗೆ ಬರೂದಿಲ್ಲ" ಎಂದರು. ಭಾವ ನನ್ನ ಮುಖ ನೋಡಿದರು. ನಾನು ಫೋಟೋ ತೋರಿಸಿದೆ. ಆ ಹಿರಿಯರು ಅದನ್ನು ಒಂದು ಗಳಿಗೆ ನೋಡಿ ಏನೂ ಹೇಳದೆ ಮರ ಹತ್ತಿದರು. ಕೊಂಬೆ ಬಿತ್ತು. ಗೂಡಿನಲ್ಲಿ ಇದ್ದದ್ದು ಒಂದೇ ಮರಿ. ಬಿದ್ದ ರಭಸಕ್ಕೇ ಸತ್ತಿತ್ತು.

ಊರಿಗೆ ಬಂದು ಮಗನ ಕಂಪ್ಯೂಟರಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ, ಪಕ್ಕದಲ್ಲಿ ಪುಸ್ತಕ ಇಟ್ಟುಕೊಂಡು ನೋಡಿದಾಗ ಎದೆ ಧಸಕ್ಕೆಂದಿತು. ಕಾಲು ಬೋಳು, ಅರಿಸಿನದ ಬಣ್ಣ. ಕಣ್ಣು ಹಾಗೂ ಕೊಕ್ಕಿನ ನಡುವಿನ ಚರ್ಮವೂ ಅರಿಸಿನ. ಹೊಟ್ಟೆಯ ಮೇಲೆ ಗೆರೆಗಳಿಲ್ಲ, ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆಗಳು. ಹಾರಿದಾಗಿನ ಇನ್ನೊಂದು ಚಿತ್ರದಲ್ಲಿ ರೆಕ್ಕೆಯ ಹಿಂಬದಿಯ ಉದ್ದಕ್ಕೂ ಅಗಲವಾದ ಬಿಳಿ ಪಟ್ಟೆ. ಅದು ಹಾವುಗಿಡುಗ. ಅಕ್ಕ ಹೇಳಿದ ಜುಟ್ಟು ಇತ್ತು, ನಿಜ. ಆದರೆ ಅದು ಕತ್ತಿನ ಹಿಂದೆ ಪೊದೆಯಂತೆ ಹರಡಿದ ಮೋಟು ಜುಟ್ಟು. ಕೋಳಿ ಒಯ್ಯುವ ಜುಟ್ಟುಗಿಡುಗದ್ದು ತಲೆಯ ಮೇಲೆ ನೆಟ್ಟಗೆ ನಿಂತ ಉದ್ದನೆಯ ಗರಿಗಳು. ಎದೆ ಬಿಳಿ, ಅದರ ಮೇಲೆ ಕಂದು ಗೆರೆಗಳು. ಕಾಲು ಬೆರಳಿನ ತನಕ ಗರಿಯಿಂದ ಮುಚ್ಚಿರುತ್ತದೆ. ಮೇಷ್ಟರು ಒಬ್ಬರು ನನಗೆ ಹೇಳಿಕೊಟ್ಟದ್ದು ಇದು: ಚಲ್ಲಣ ತೊಟ್ಟಿದ್ದರೆ ಜುಟ್ಟುಗಿಡುಗ, ಬರಿಗಾಲಾದರೆ ಹಾವುಗಿಡುಗ. ಅದನ್ನು ಹದಿನೈದು ದಿನ ಮೊದಲೇ ತಿಳಿದಿದ್ದರೆ!

ಹಾವುಗಿಡುಗ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಹಾವು, ಓತಿಕೇತ, ಕಪ್ಪೆ, ಇಲಿ ಇವೇ ಅದರ ಆಹಾರ. ಅಡಿಕೆ ತೋಟದಲ್ಲಿ ಕೊನೆ ಇಳಿಸುವವರು, ಕಾಫಿ ಕುಯ್ಯುವ ಹೆಣ್ಣಾಳುಗಳು ಯಾವುದಕ್ಕೆ ಹೆದರುತ್ತಾರೋ ಅದನ್ನೇ ತಿನ್ನುವ ಹಕ್ಕಿ. ಭಾವನವರಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ "ನಿನ್ನೆ ಮತ್ತೊಂದು ಮರಿ ಹೋಯ್ತು" ಎಂದಷ್ಟೇ ಹೇಳಿ ಇಟ್ಟರು.

ನನ್ನ ವಾದ ಇಲ್ಲಿಂದ ಶುರು. ನಾವು ಬೆಳೆಗಾರರು ಅರೇಬಿಕಾದಲ್ಲಿ ತಳಿ ಗುರುತಿಸುತ್ತೇವೆ, ಅಡಿಕೆಯಲ್ಲಿ ರಾಶಿ ಯಾವುದು, ಬೆಟ್ಟೆ ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತೇವೆ. ಎಲೆಯ ಮೇಲಿನ ಚುಕ್ಕೆ ನೋಡಿ ರೋಗವೋ ಗೊಬ್ಬರದ ಕೊರತೆಯೋ ಎಂದು ತೀರ್ಮಾನಿಸದೆ ಔಷಧಿ ಹೊಡೆಯುವುದಿಲ್ಲ. ಆದರೆ ಬಾಗಿದ ಕೊಕ್ಕು ಕಂಡರೆ ಮಾತ್ರ ನಮಗೆಲ್ಲ ಒಂದೇ ಹೆಸರು: ಗಿಡುಗ. ಒಂದೇ ಶಿಕ್ಷೆ: ಕವಣೆ, ಇಲ್ಲವೇ ಕತ್ತಿ. ಬೇರೆ ಬೇರೆ ಜಾತಿಯ ಹಕ್ಕಿಗಳನ್ನು ಒಂದೇ ಕಳ್ಳನ ಲೆಕ್ಕಕ್ಕೆ ಬರೆದು ಕೂತಿದ್ದೇವೆ.

ನಮ್ಮ ಆತಗೂರಿನ ಕಡೆಯ ಸಂಗತಿ ಕೇಳಿ. ಕೆರೆಯ ಮೇಲೆ ಗರುಡ ಹಾರಿದರೆ ಕೈಮುಗಿಯದ ಹೆಂಗಸರಿಲ್ಲ. ಬಿಳಿ ತಲೆ, ಬಿಳಿ ಎದೆ, ಮೈಯೆಲ್ಲ ಕಾವಿ ಬಣ್ಣ, ಯಾರಿಗೂ ತಪ್ಪುವುದಿಲ್ಲ. ಆದರೆ ಅದೇ ಗರುಡನ ಎಳೆಯ ಮರಿ ಹಾರಲು ಕಲಿತಾಗ ಪೂರ್ತಿ ಕಂದು. ನೋಡಲು ಥೇಟ್ ಹದ್ದು. ಅಮ್ಮನಿಗೆ ಕೈಮುಗಿದವರ ಮನೆಯ ಹೈಕಳೇ ಮರಿಗೆ ಕಲ್ಲು ಬೀರುತ್ತಾರೆ! ಬಾಲ ನೋಡಿದರೆ ಸಾಕಿತ್ತು. ಹದ್ದಿನ ಬಾಲದ ತುದಿ ಮೀನಿನ ಬಾಲದಂತೆ ನಡುವೆ ಕವಲಾಗಿರುತ್ತದೆ. ಗರುಡನ ಬಾಲ, ಮರಿಯದಾಗಲಿ ದೊಡ್ಡದರದಾಗಲಿ, ಬೀಸಣಿಗೆಯಂತೆ ದುಂಡು. ಒಂದು ಎಚ್ಚರ ಮಾತ್ರ ಬೇಕು. ಹದ್ದು ಬಾಲವನ್ನು ಪೂರಾ ಬಿಡಿಸಿ ತಿರುಗುವಾಗ ಕವಲು ಅಳಿಸಿ ನೇರವಾಗಿ ಕಾಣುತ್ತದೆ. ಆದ್ದರಿಂದ ಒಂದು ಚಿತ್ರ ನಂಬಬೇಡಿ, ಅದು ಬಾಲ ಮುಚ್ಚುವ ತನಕ ಕಾದು ಇನ್ನೊಂದು ತೆಗೆಯಿರಿ.

ಪಾರಿವಾಳದ ಗಾತ್ರದ ಬಿಜ್ಜು ತೆಂಗಿನ ತೋಟದಲ್ಲಿ ಸದಾ ಇರುವುದು. ಶಿಕ್ರಾ ಎಂದೂ ಕರೆಯುತ್ತಾರೆ. ಬೆನ್ನು ಬೂದಿ, ಎದೆಯ ಮೇಲೆ ಸಣ್ಣ ಸಣ್ಣ ಕೆಂಗಂದು ಅಡ್ಡಗೆರೆ, ಗಂಟಲಿನ ನಡುವೆ ಒಂದು ತೆಳುವಾದ ನಿಲುಗೆರೆ. ಇದು ಹೂಮರಿಯನ್ನು ಒಯ್ಯುವುದುಂಟು, ಅದನ್ನು ಮುಚ್ಚಿಡಲಾರೆ. ಆದರೆ ಇದರ ವೇಷ ಹಾಕಿದ ಇನ್ನೊಂದು ಹಕ್ಕಿ ಇದೆ. ಬೇಸಿಗೆಯಲ್ಲಿ ರಾತ್ರಿಯೂ ನಿದ್ದೆಗೊಡದೆ ಸ್ವರ ಏರಿಸುತ್ತಾ ಕೂಗುವ, ಇಂಗ್ಲಿಷರು ಬ್ರೈನ್‌ಫೀವರ್ ಎಂದು ಕರೆದ ಕೋಗಿಲೆ ಜಾತಿಯ ಹಕ್ಕಿ. ಬಣ್ಣ, ಬಾಲದ ಪಟ್ಟೆ, ಹಾರುವ ರೀತಿ, ಕೊನೆಗೆ ಕೊಂಬೆಯ ಮೇಲೆ ಇಳಿದು ಬಾಲ ಅಲ್ಲಾಡಿಸುವುದೂ ಬಿಜ್ಜುವಿನಂತೆಯೇ. ಸಣ್ಣ ಹಕ್ಕಿಗಳೇ ಮೋಸಹೋಗಿ ಅದನ್ನು ಅಟ್ಟುತ್ತವೆ. ಕೊಕ್ಕು ನೋಡಿ: ಬಿಜ್ಜುವಿನದು ಕೊಕ್ಕೆ, ಇದರದು ನೇರ. ಪಾಪ, ಅದು ತಿನ್ನುವುದು ಕಂಬಳಿಹುಳು.

ಮಲೆನಾಡಿನ ಕಾಡಂಚಿನ ತೋಟಗಳಲ್ಲಿ ಬಿಜ್ಜುವಿನ ಒಬ್ಬ ದಾಯಾದಿ ಉಂಟು, ಬೆಸ್ರಾ. ಅದರ ಗಂಟಲ ಗೆರೆ ದಪ್ಪ, ಕಪ್ಪು; ಎದೆಯ ಗುರುತುಗಳು ಗಾಢ; ಬಾಲದ ಕಪ್ಪು ಪಟ್ಟೆಗಳು ಅಗಲ. ಇವೆರಡನ್ನೂ ದೂರದಿಂದ ಬೇರೆ ಮಾಡಿ ಹೇಳುವವರ ಮಾತನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ. ಹೇಳಲಾಗದಿದ್ದರೆ ಹೇಳಲಾಗದು ಎನ್ನುವುದೇ ಲೇಸು.

ಜೇನುಗಿಡುಗದ ವಿಚಾರ ಕಾಫಿ ಬೆಳೆಗಾರರು ವಿಶೇಷವಾಗಿ ತಿಳಿಯಬೇಕು, ಏಕೆಂದರೆ ಜುಟ್ಟುಗಿಡುಗವೆಂದು ಅತಿ ಹೆಚ್ಚು ತಪ್ಪು ತಿಳಿಯುವುದು ಇದನ್ನೇ. ಒಂದು ಕಂದು, ಒಂದು ಬೆಣ್ಣೆ ಬಣ್ಣ, ಒಂದು ಪಟ್ಟೆಪಟ್ಟೆ, ಒಂದರಂತೆ ಒಂದಿಲ್ಲ. ಬಣ್ಣ ಬಿಡಿ, ತಲೆ ನೋಡಿ. ಅಷ್ಟು ದೊಡ್ಡ ಮೈಗೆ ಪಾರಿವಾಳದ ತಲೆ, ಉದ್ದ ಕೊರಳು. ಜೇನು, ಕಣಜ ಕಚ್ಚದಿರಲೆಂದು ಮುಖದ ಮೇಲೆ ಹುರುಪೆಯಂತಹ ಒತ್ತು ಗರಿ. ಹೆಜ್ಜೇನಿನ ಹಲ್ಲೆ ಕಿತ್ತು ಮರಿಹುಳು ತಿನ್ನುತ್ತದೆ. ಹೂವಿನ ಕಾಲದಲ್ಲಿ ಜೇನು ಬೇಕಾದ ನಮಗೆ ಇದು ನಷ್ಟವಲ್ಲವೇ ಎಂದು ಕೇಳಬಹುದು. ಒಂದಿಷ್ಟು ನಷ್ಟವೇ. ಆದರೆ ಆಳುಗಳ ಮೇಲೆ ಏಳುವ ಕಣಜದ ಗೂಡನ್ನೂ ಅದೇ ಬರಿದು ಮಾಡುತ್ತದೆ. ಕೋಳಿಯ ಗೋಜಿಗೆ ಬಾರದ ಹಕ್ಕಿಯನ್ನು ಕೋಳಿಯ ಹೆಸರಿನಲ್ಲಿ ಹೊಡೆಯುವುದಂತೂ ಯಾವ ನ್ಯಾಯ?

ಇನ್ನು ಚಿತ್ರ ತೆಗೆಯುವ ಮಾತು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಲೇ ಹಕ್ಕಿಗಳ ಚಿತ್ರ ತೆಗೆದು, ಕನ್ನಡದಲ್ಲಿ ಹಕ್ಕಿಯ ಪುಸ್ತಕಗಳನ್ನು ಬರೆದರು. ಅವರು 2007ರಲ್ಲಿ ತೀರಿಕೊಂಡರು. ಆ ಕಾಲದ ರೀಲಿನ ಖರ್ಚು, ತೊಳೆದು ಬರುವ ತನಕ ಕಾಯುವ ಪಾಡು ಈಗಿಲ್ಲ; ನೂರು ತೆಗೆದರೂ ಕಾಸಿಲ್ಲ. ಹೀಗಿರುವಲ್ಲಿ ನಮ್ಮವರು ಚೆಂದದ ಒಂದು ಚಿತ್ರಕ್ಕಾಗಿ ಒದ್ದಾಡುತ್ತಾರೆಯೇ ಹೊರತು ಗುರುತಿನ ಚಿತ್ರಕ್ಕಲ್ಲ. ನನಗೆ ಬೇಕಾದದ್ದು ಪೊಲೀಸರು ತೆಗೆಯುವಂತಹ ಫೋಟೋ: ಎದುರಿಗೊಂದು, ಪಕ್ಕಕ್ಕೊಂದು, ಕಾಲಿನದೊಂದು, ಬಾಲದ್ದೊಂದು. ಹಾರುವಾಗ ಕೆಳಗಿನಿಂದ ರೆಕ್ಕೆ ಪೂರ್ತಿ ಬಿಚ್ಚಿದ್ದೊಂದು. ಬೆಳ್ಳಗಿನ ಆಕಾಶಕ್ಕೆ ಹಿಡಿದರೆ ಹಕ್ಕಿ ಕರಿ ಕಾಗದ ಕತ್ತರಿಸಿದಂತೆ ಬರುತ್ತದೆ; ಎಕ್ಸ್‌ಪೋಷರನ್ನು ಒಂದೋ ಒಂದೂವರೆಯೋ ಮೆಟ್ಟಿಲು ಏರಿಸಿ, ಆಕಾಶ ಸುಟ್ಟರೆ ಸುಡಲಿ, ಹೊಟ್ಟೆಯ ಗೆರೆ ಕಾಣಬೇಕು. ಹಾರುವ ಹಕ್ಕಿಗೆ ಷಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ನಿಧಾನ ಇರಬಾರದು. ಬಿಸಿಲೇರಿ ಗಾಳಿ ಕಾದ ಮೇಲೆ ಇವು ಮೇಲೇರಿ ಚುಕ್ಕೆಯಾಗುತ್ತವೆ. ಅದಕ್ಕೆ ಮೊದಲು, ಇಬ್ಬನಿ ಆರುವ ಹೊತ್ತಿಗೆ, ರೆಕ್ಕೆ ಕಾಯಿಸುತ್ತಾ ಕೂತಿರುತ್ತವೆ. ಆಗ ಸೂರ್ಯ ನಿಮ್ಮ ಬೆನ್ನಿಗಿರಲಿ. ಕ್ಯಾಮರಾ ಇಲ್ಲದವರು ದುರ್ಬೀನಿನ ಕಣ್ಣಿಗೆ ಮೊಬೈಲು ಒತ್ತಿ ಹಿಡಿದು ತೆಗೆದರೂ ಕಾಲಿಗೆ ಗರಿ ಇದೆಯೋ ಇಲ್ಲವೋ ಎಂಬಷ್ಟು ತಿಳಿಯುತ್ತದೆ. ಕೂಗನ್ನೂ ಮೊಬೈಲಿನಲ್ಲಿ ಹಿಡಿದಿಡಿ. ಮರ ಹತ್ತಿದ ಆ ಹಿರಿಯರಿಗೆ ಫೋಟೋ ಬೇಕಾಗಿರಲಿಲ್ಲ, ಕಿವಿಯೇ ಸಾಕಾಗಿತ್ತು ಎಂಬುದನ್ನು ಮರೆಯಲಾರೆ.

ಪೇಟೆಯಿಂದ ಬರುವ ಫೋಟೋಗ್ರಾಫರ ವಿಚಾರದಲ್ಲಿ ನನ್ನದು ಸ್ವಲ್ಪ ಖಾರದ ಅಭಿಪ್ರಾಯ. ಎಲ್ಲರೂ ಹಾಗಲ್ಲ. ಆದರೆ ಕೋಳಿಮರಿಯ ಕಾಲಿಗೆ ದಾರ ಕಟ್ಟಿ ಬಿಟ್ಟು ಗಿಡುಗ ಎರಗುವುದನ್ನು ತೆಗೆಯುವವರು, ಗೂಡು ಚೆನ್ನಾಗಿ ಕಾಣಲೆಂದು ಅಡ್ಡ ಬಂದ ಎಲೆ ಸವರುವವರು ಇದ್ದಾರೆ. ಎಲೆ ಸವರಿದ ಗೂಡಿನ ಮರಿಗೆ ಮಧ್ಯಾಹ್ನದ ಬಿಸಿಲು, ಕಾಗೆಯ ಕಣ್ಣು ಎರಡೂ ಬೀಳುತ್ತವೆ. ಕೋಳಿಮರಿ ಕಟ್ಟಿ ಅಭ್ಯಾಸ ಮಾಡಿಸಿದ ಗಿಡುಗ ನಾಳೆ ಬರುವುದು ಫೋಟೋಗ್ರಾಫರನ ಮನೆಗಲ್ಲ, ನಿಮ್ಮ ಅಂಗಳಕ್ಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆ ಎಂಬ ಮಾತಿಗೆ ಕೊಟ್ಟ ಅರ್ಥದೊಳಗೆ ಕಾಡುಹಕ್ಕಿಯ ಮೊಟ್ಟೆ, ಗೂಡುಗಳನ್ನು ಕೆದಕುವುದೂ ಸೇರಿದೆ. ತೋಟ ನಮ್ಮದು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಹಾಗೆ ನೋಡಿದರೆ ನಾನೂ ಭಾವನವರೂ ಕಾಯಿದೆಯ ಕಣ್ಣಿಗೆ ಬೇಟೆಗಾರರೇ.

ಕವಣೆಗಿಂತ ದೊಡ್ಡ ಅಪಾಯ ಇನ್ನೊಂದಿದೆ. ತೆಂಗಿನ ಸುಳಿಯ ಹತ್ತಿರ ಇಲಿ ಸೇರಿ ಎಳೆಗಾಯಿ ಕೊರೆದು ಬೀಳಿಸುವುದು ನಮ್ಮ ಕಡೆ ದೊಡ್ಡ ಕಾಟ. ಮದ್ದೂರಿನ ಎಳನೀರು ಪೇಟೆಗೆ ಕಾಯಿ ಹಾಕುವವನಿಗೆ ಒಂದೊಂದು ಎಳೆಗಾಯಿಯೂ ಲೆಕ್ಕ. ಅದಕ್ಕೆ ಬ್ರೋಮಾಡಯೋಲೋನ್ ಕೇಕು ಇಡುತ್ತೇವೆ. ಇದನ್ನು ತಿಂದ ಇಲಿ ತಕ್ಷಣ ಸಾಯದು. ಕೆಲವು ದಿನ ಮಂಕಾಗಿ, ಹಗಲಿನಲ್ಲೇ ಬಯಲಿಗೆ ಬಂದು ತೂರಾಡುತ್ತದೆ. ಅಂಥ ಇಲಿ ಗೂಬೆಗೂ ಗಿಡುಗಕ್ಕೂ ಸುಲಭದ ತುತ್ತು. ಇಲಿಯ ಮೈಯಲ್ಲಿ ಉಳಿದ ವಿಷ ತಿಂದ ಹಕ್ಕಿಯ ಮೈ ಸೇರುತ್ತದೆ. ಕಳೆದ ವರ್ಷ ನನ್ನ ತೋಟದಲ್ಲಿ ಕಣಜದ ಗೂಬೆಯೊಂದು ಸತ್ತು ಬಿದ್ದಿತ್ತು. ಪರೀಕ್ಷೆ ಮಾಡಿಸಿಲ್ಲ, ಆದ್ದರಿಂದ ವಿಷದಿಂದಲೇ ಎಂದು ಆಣೆ ಮಾಡಲಾರೆ. ಆದರೆ ಹದಿನೈದು ದಿನದ ಹಿಂದೆ ಕೇಕು ಮಡಗಿದ್ದವನು ನಾನೇ. ಈಗ ಆಳೆತ್ತರದಲ್ಲಿ ಮರದ ಸುತ್ತ ನುಣುಪಾದ ತಗಡಿನ ಪಟ್ಟಿ ಬಿಗಿಸಿದ್ದೇನೆ. ಗರಿಗೆ ಗರಿ ತಾಗದಷ್ಟು ದೂರ ಇರುವ ಮರಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಒತ್ತಾಗಿ ಹಾಕಿದ ಕಡೆ ಪ್ರಯೋಜನ ಕಡಿಮೆ.

ಔಷಧಿ ಒಂದಕ್ಕೆ ಕೊಟ್ಟು ಪೆಟ್ಟು ಇನ್ನೊಂದಕ್ಕೆ ಬೀಳುವುದಕ್ಕೆ ದೂರ ಹೋಗಬೇಕಾಗಿಲ್ಲ. ರಾಮನಗರದ ಬಂಡೆಗಳ ಮೇಲೆ ಉದ್ದ ಕೊಕ್ಕಿನ ರಣಹದ್ದುಗಳಿವೆ. ಹಸುಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್, ಸತ್ತ ಹಸುವಿನ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದಾದ್ಯಂತ ಅವುಗಳ ಸಂತತಿಯನ್ನೇ ಒರೆಸಿಹಾಕಿತು. ಕಾರಣ ಪ್ರಕಟವಾದದ್ದು 2004ರಲ್ಲಿ, ದನಗಳಿಗೆ ಅದರ ಬಳಕೆ ನಮ್ಮ ದೇಶದಲ್ಲಿ ನಿಷೇಧವಾದದ್ದು 2006ರಲ್ಲಿ. ರಾಮದೇವರ ಬೆಟ್ಟವನ್ನು ರಣಹದ್ದು ಧಾಮವೆಂದು ಸಾರಿದ್ದು 2012ರಲ್ಲಿ. ಅಷ್ಟು ಹೊತ್ತಿಗೆ ಉಳಿದದ್ದು ಬೆರಳೆಣಿಕೆ. ಯಾವ ರೈತನೂ ರಣಹದ್ದು ಕೊಲ್ಲಬೇಕೆಂದು ಹಸುವಿಗೆ ಇಂಜೆಕ್ಷನ್ ಕೊಡಿಸಿರಲಿಲ್ಲ.

ನಮ್ಮ ತಾಲ್ಲೂಕಿನದೇ ಇನ್ನೊಂದು ಸಂಗತಿ ನನಗೆ ಸದಾ ಕಾಡುತ್ತದೆ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯ ಮೇಲಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ಬಂದ ಮಗಳೆಂದೇ ಅಲ್ಲಿಯವರು ಅವನ್ನು ನೋಡಿಕೊಳ್ಳುತ್ತಾರೆ. ಗೂಡು ಇರುವ ಮರದ ಹುಣಸೆ ಬಿಟ್ಟುಕೊಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಟ್ಟಿದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಲು ಊರಿನ ಹುಡುಗರ ಹೆಜ್ಜಾರ್ಲೆ ಬಳಗವೇ ಇದೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಅದೇ ತಾಲ್ಲೂಕಿನವನಾದ ನಾನು ಕೊಪ್ಪದಲ್ಲಿ ಮಾಡಿದ್ದು ಇದು. ಕೊಕ್ಕರೆಗೆ ಬಾಣಂತನ, ಗಿಡುಗಕ್ಕೆ ಕತ್ತಿ. ಮೀನು ತಿನ್ನುವ ಕೊಕ್ಕು ಸಾಧು, ಇಲಿ ತಿನ್ನುವ ಕೊಕ್ಕು ಕಳ್ಳ ಎಂದು ಯಾರು ಬರೆದರೋ!

ಹಾಗಾದರೆ ನಿಜವಾಗಿ ಕೋಳಿ ಒಯ್ಯುವ ಜುಟ್ಟುಗಿಡುಗಕ್ಕೆ ಏನು ಮಾಡೋಣ ಎಂದು ಅಕ್ಕನೇ ಕೇಳಿದಳು. ಬಡವರ ಮನೆಯ ಕೋಳಿಗೆ ಬೆಲೆ ಇದೆ, ಅದನ್ನು ಹಗುರ ಮಾಡಿ ಮಾತನಾಡುವ ಹಕ್ಕು ನನಗಿಲ್ಲ. ಮರಿಗಳು ಬಲಿಯುವ ತನಕ ಮಂಕರಿ ಕವುಚಿ, ಇಲ್ಲವೇ ಬಲೆ ಹೊದಿಸಿದ ಗೂಡಿನಲ್ಲಿ ಬಿಟ್ಟರೆ ಗಿಡುಗಕ್ಕೂ ಮುಂಗುಸಿಗೂ ಒಟ್ಟಿಗೆ ತಡೆ. ಅಕ್ಕ ಹಳೆಯ ಮೀನುಬಲೆ ತಂದು ಅಂಗಳದ ಒಂದು ಮೂಲೆಗೆ ಕಟ್ಟಿದ್ದಾಳೆ. ಮರಿ ಹೋಗುವುದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ.

ಬರುವ ಸರ್ವಸದಸ್ಯರ ಸಭೆಯಲ್ಲಿ ಎರಡು ಮಾತು ಎತ್ತಬೇಕೆಂದಿದ್ದೇನೆ. ಬೆಂಬಲಿಸುವವರು ಬೆಂಬಲಿಸಿ, ವಿರೋಧಿಸುವವರು ಧಾರಾಳವಾಗಿ ವಿರೋಧಿಸಿ. ಮರಗಸಿಗೆ ಮೊದಲು ಕಡ್ಡಿಗೂಡು ಇರುವ ಮರಗಳಿಗೆ ಸುಣ್ಣದ ಗುರುತು ಹಾಕಿ, ಮರಿ ಹಾರುವ ತನಕ ಆ ಮರವನ್ನು ಬಿಡುವ ರೂಢಿ ಮಾಡಿಕೊಳ್ಳೋಣ. ಒಂದು ಮರದ ನೆರಳು ಕೆಲವು ವಾರ ಹೆಚ್ಚಾದರೆ ಕಾಫಿ ಕೆಡುವುದಿಲ್ಲ. ಎರಡನೆಯದಾಗಿ, ಸಂಘದ ಕಚೇರಿಯಲ್ಲಿ ನಮ್ಮ ನಮ್ಮ ತೋಟದ ಬೇಟೆಹಕ್ಕಿಗಳ ಚಿತ್ರಗಳ ಒಂದು ಆಲ್ಬಮ್ ಇಡೋಣ. ಗೊಬ್ಬರಕ್ಕೆ ಬಂದವರು ತಿರುವಿಹಾಕಿ ನೋಡಲಿ. ಚಿತ್ರದ ಜೊತೆ ಊರು, ತಿಂಗಳು, ಹೊತ್ತು ಬರೆಯಿರಿ. ಗೂಡು ಯಾವ ಮರದಲ್ಲಿದೆ ಎಂದು ಮಾತ್ರ ಬರೆಯಬೇಡಿ, ವಾಟ್ಸಾಪಿಗೂ ಹಾಕಬೇಡಿ.

ಆ ಆಲ್ಬಮ್ಮಿನ ಮೊದಲ ಪುಟಕ್ಕೆ ಹಳ್ಳದ ಬದಿಯ ಹಾವುಗಿಡುಗದ ನನ್ನ ಚಿತ್ರವನ್ನೇ ಕೊಡುತ್ತೇನೆ. ಕಾಲು ಸ್ಪಷ್ಟವಾಗಿ ಕಾಣುತ್ತದೆ. ಮರಗಸಿಯ ಆ ಹಿರಿಯರು ಕೂಗನ್ನು ಕೇಳಿ ಹೇಳಿದ್ದನ್ನು ಅದರ ಕೆಳಗೆ ಬರೆಯಬೇಕೆಂದಿದ್ದೇನೆ. ಈ ಸಲ ಕೊಪ್ಪಕ್ಕೆ ಹೋದಾಗ ಅವರನ್ನು ಕಂಡು, ಒಪ್ಪಿದರೆ, ಅವರ ಬಾಯಿಂದಲೇ ಬರೆಸಿಕೊಂಡು ಬರುತ್ತೇನೆ.